ಕೊಳಚೆ ನೀರಿನಲ್ಲಿ ಹೊಸ ಬ್ಯಾಕ್ಟೀರಿಯಾ ಪ್ರಭೇದ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಕ್ರೋಬಯಾಲಜಿ ಓದುವವರು, ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ನೋಡಿಕೊಳ್ಳುವವರು, ಸುಮ್ನೆ ಕುತೂಹಲಕ್ಕೆ ಕೇಳುವವರು, ಹೀಗೆ ಎಲ್ಲ ಕಡೆಯಿಂದ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಸೇರಿಸಿದ್ದೇನೆ. ಹೆಚ್ಚಿನ ಪ್ರಶ್ನೆಗಳ ಹಿಂದೆ ಇರುವ ಅನುಮಾನ ಒಂದೇ: ಕಂಪ್ಯೂಟರ್ ಪರದೆಯ ಮೇಲೆ ಒಂದು ಶೇಕಡಾ ಅಂಕಿ ಬಂದ ಕೂಡಲೇ "ಹೊಸ ಪ್ರಭೇದ ಸಿಕ್ಕಿತು" ಅನ್ನಬಹುದಾ? ಅನ್ನಬಾರದು. ಯಾಕೆ ಅಂತ ಕೆಳಗೆ ವಿವರವಾಗಿ ಬರೆದಿದ್ದೇನೆ.

ಹುಡುಕಲು ಕೊಳಚೆ ನೀರೇ ಯಾಕೆ?

ಅಲ್ಲಿ ಬ್ಯಾಕ್ಟೀರಿಯಾಗಳಿಗೆ ಬೇಕಾದ್ದೆಲ್ಲ ಇದೆ. ಅಮೋನಿಯಾ, ಫಾಸ್ಫೇಟ್, ಸೋಪು, ಎಣ್ಣೆ, ಪಿಷ್ಟ, ಔಷಧಿಗಳ ಉಳಿಕೆ, ಎಲ್ಲವೂ ಒಂದೇ ತೊಟ್ಟಿಯಲ್ಲಿ. ಗಾಳಿ ಊದುವ ಕಡೆ ಆಮ್ಲಜನಕ ಜಾಸ್ತಿ, ಕೆಲವೇ ಅಡಿ ಆಚೆ ಸ್ವಲ್ಪವೂ ಇಲ್ಲ. ಇಷ್ಟು ಬಗೆಯ ಆಹಾರ, ಇಷ್ಟು ಬಗೆಯ ಜಾಗ ಇದ್ದಲ್ಲಿ ಬಗೆಬಗೆಯ ಜೀವಿಗಳು ಸೇರುತ್ತವೆ.

ಇಂದು ಹೆಚ್ಚಿನ ಘಟಕಗಳು ಬಳಸುವ, ಗಾಳಿ ಊದಿ ಬ್ಯಾಕ್ಟೀರಿಯಾ ತುಂಬಿದ ಕೆಸರಿನಿಂದ (ಸ್ಲಡ್ಜ್) ಕೊಳಚೆ ಶುದ್ಧ ಮಾಡುವ ಆಕ್ಟಿವೇಟೆಡ್ ಸ್ಲಡ್ಜ್ ವಿಧಾನವನ್ನು 1914ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಪ್ರಕಟಿಸಿದರು. ಅವರಿಗೆ ದಾರಿ ತೋರಿಸಿದ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ಈ ವಿದ್ಯೆಗೂ ನಮ್ಮೂರಿಗೂ ಅಷ್ಟು ಹಳೆಯ ನಂಟು. ಆದರೆ ವಿಧಾನ ಬಂದು ನೂರು ವರ್ಷ ದಾಟಿದರೂ ಆ ತೊಟ್ಟಿಯಲ್ಲಿ ದುಡಿಯುವವರು ಯಾರು ಎಂಬ ಪಟ್ಟಿ ಇನ್ನೂ ಪೂರ್ತಿಯಾಗಿಲ್ಲ. ಡೆನ್ಮಾರ್ಕ್‌ನ ಆಲ್ಬೋರ್ಗ್ ವಿಶ್ವವಿದ್ಯಾಲಯದವರು ಮಿಡಾಸ್ ಎಂಬ ಡೇಟಾಬೇಸ್ ಕಟ್ಟಿದ್ದಾರೆ. ಅದರ ನಾಲ್ಕನೇ ಆವೃತ್ತಿಗಾಗಿ ಜಗತ್ತಿನ 740 ಘಟಕಗಳಿಂದ 50 ಲಕ್ಷಕ್ಕೂ ಹೆಚ್ಚು ಪೂರ್ಣ ಉದ್ದದ 16ಎಸ್ (ಬ್ಯಾಕ್ಟೀರಿಯಾ ಗುರುತಿಸಲು ಬಳಸುವ ಒಂದು ಜೀನ್) ಸೀಕ್ವೆನ್ಸ್, ಅಂದರೆ ಡಿಎನ್‌ಎ ಅಕ್ಷರಗಳ ಸಾಲು, ಓದಿದ್ದರು. ಅದರಲ್ಲಿ ಎಷ್ಟೋ ಜೀವಿಗಳಿಗೆ ಸರಿಯಾದ ಹೆಸರೇ ಇಲ್ಲ, ತಾತ್ಕಾಲಿಕ ಸಂಖ್ಯೆ ಮಾತ್ರ.

"ಹೊಸ" ಪ್ರಭೇದ ಎಂದರೆ ಈಗಷ್ಟೇ ಹುಟ್ಟಿದ್ದಾ?

ಅಲ್ಲ. ಅದು ಮೊದಲಿಂದಲೂ ಅಲ್ಲೇ ಇತ್ತು. ಯಾರೂ ಬೇರ್ಪಡಿಸಿ, ವಿವರಿಸಿ, ಹೆಸರಿಟ್ಟಿರಲಿಲ್ಲ, ಅಷ್ಟೇ.

ಎರಡು ಪ್ರಭೇದಗಳ ನಡುವೆ ಗೆರೆ ಎಳೆಯುವುದು ಎಲ್ಲಿ?

ಪ್ರಾಣಿಗಳಲ್ಲಿ ಕೂಡಿ ಮರಿ ಹಾಕುತ್ತವಾ ಅಂತ ನೋಡಬಹುದು. ಬ್ಯಾಕ್ಟೀರಿಯಾ ಎರಡಾಗಿ ಒಡೆದು ಬೆಳೆಯುತ್ತವೆ, ಹಾಗಾಗಿ ಆ ಅಳತೆ ನಡೆಯುವುದಿಲ್ಲ. 1987ರಲ್ಲಿ ತಜ್ಞರ ಸಮಿತಿಯೊಂದು ಡಿಎನ್‌ಎ ಜೋಡಿಸುವ ಪರೀಕ್ಷೆಯಲ್ಲಿ ಶೇ. 70 ಹೋಲಿಕೆ ಇದ್ದರೆ ಒಂದೇ ಪ್ರಭೇದ ಎಂಬ ಅಳತೆ ಹಾಕಿತು. ಆ ಪರೀಕ್ಷೆ ಬಲು ಕಷ್ಟದ್ದು, ಒಂದು ಲ್ಯಾಬಿನ ಅಂಕಿ ಇನ್ನೊಂದರಲ್ಲಿ ಹಾಗೇ ಬರುತ್ತಿರಲಿಲ್ಲ. ಈಗ ಎರಡೂ ಜೀವಿಗಳ ಪೂರ್ತಿ ಜೀನೋಮ್ (ಇಡೀ ಡಿಎನ್‌ಎ) ಓದಿ ಸರಾಸರಿ ಹೋಲಿಕೆ ಲೆಕ್ಕ ಹಾಕುತ್ತಾರೆ. ಇದಕ್ಕೆ ಎಎನ್‌ಐ ಎನ್ನುತ್ತಾರೆ. ಶೇ. 95ರಿಂದ 96ಕ್ಕಿಂತ ಕೆಳಗೆ ಬಂದರೆ ಬೇರೆ ಪ್ರಭೇದ. ಹಳೆಯ ಶೇ. 70ರ ಅಳತೆಯನ್ನೂ ಈಗ ಕಂಪ್ಯೂಟರ್‌ನಲ್ಲೇ ಅಂದಾಜಿಸುತ್ತಾರೆ.

ಈ ಗೆರೆಗಳನ್ನು ಎಳೆದವರು ಮನುಷ್ಯರು ಅನ್ನುವುದನ್ನು ಮರೆಯಬಾರದು. ಇ. ಕೋಲಿ ಮತ್ತು ಶಿಗೆಲ್ಲಾ ಜೀನೋಮ್ ಪ್ರಕಾರ ಒಂದೇ ಪ್ರಭೇದದೊಳಗೆ ಬರುತ್ತವೆ. ಆದರೂ ಆಮಶಂಕೆ ರೋಗದ ಕಾರಣಕ್ಕೆ ವೈದ್ಯರಿಗೆ ಗೊಂದಲ ಆಗಬಾರದು ಅಂತ ಎರಡು ಹೆಸರನ್ನೂ ಉಳಿಸಿಕೊಂಡಿದ್ದಾರೆ.

ನನ್ನ ಐಸೊಲೇಟ್‌ನ (ಬೇರ್ಪಡಿಸಿ ಬೆಳೆಸಿದ ಬ್ಯಾಕ್ಟೀರಿಯಾದ) 16ಎಸ್ ಹೋಲಿಕೆ ಶೇ. 97 ಬಂದಿದೆ. ಹೊಸದೇ ಅಲ್ವಾ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಇರಬಹುದು, ಆದರೆ ಅಷ್ಟರಿಂದಲೇ ಹೇಳಬೇಡಿ.

16ಎಸ್ ಜೀನ್ ಸುಮಾರು 1,500 ಅಕ್ಷರಗಳಷ್ಟು ಉದ್ದ. ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇದೆ, ನಿಧಾನವಾಗಿ ಬದಲಾಗುತ್ತದೆ. ಇದೇ ಬಗೆಯ ಹೋಲಿಕೆಯಿಂದ 1977ರಲ್ಲಿ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ಆರ್ಕಿಯಾ ಎಂಬ ಬೇರೆಯೇ ಜೀವಶಾಖೆಯನ್ನು ಗುರುತಿಸಿದರು. ಪ್ರಭೇದದ ಗೆರೆ ಮೊದಲು ಶೇ. 97ಕ್ಕೆ ಇತ್ತು. ಜೀನೋಮ್‌ಗಳ ಜೊತೆ ತಾಳೆ ನೋಡಿದ ಮೇಲೆ, 2014ರ ಹೊತ್ತಿಗೆ, ಅದು ಶೇ. 98.65ರ ಆಸುಪಾಸಿಗೆ ಬಂತು.

ಈಗ ನಿಮ್ಮ ಶೇ. 97 ಎಲ್ಲಿಂದ ಬಂತು ಅಂತ ನೋಡಿ. ಮೊದಲು ಕ್ರೊಮ್ಯಾಟೊಗ್ರಾಮ್ (ಸೀಕ್ವೆನ್ಸ್ ಓದುವ ಯಂತ್ರ ಕೊಡುವ ಗ್ರಾಫ್) ಫೈಲನ್ನೇ ತೆರೆಯಿರಿ. ಶುರುವಿನ ಕೆಲವು ಹತ್ತು ಅಕ್ಷರಗಳಲ್ಲಿ ನಾಲ್ಕು ಬಣ್ಣದ ಶಿಖರಗಳು ಒಂದರ ಮೇಲೊಂದು ಬಿದ್ದಿರುತ್ತವೆ. ನಡುವೆ ಒಂದೊಂದೇ ಚೂಪಾಗಿ ನಿಂತಿರುತ್ತವೆ. ಕೊನೆಗೆ ಬಂದಾಗ ಮತ್ತೆ ಅಗಲವಾಗಿ, ಗಿಡ್ಡವಾಗಿ ಕಲಸಿಹೋಗುತ್ತವೆ. ಆ ಎರಡು ತುದಿಗಳನ್ನು ಕತ್ತರಿಸದೆ ಹಾಗೇ ಬ್ಲಾಸ್ಟ್‌ಗೆ (ಸೀಕ್ವೆನ್ಸ್ ಹೋಲಿಸುವ ಆನ್‌ಲೈನ್ ಸಾಧನ) ಹಾಕಿದರೆ ಹೋಲಿಕೆ ತಾನಾಗಿ ಇಳಿಯುತ್ತದೆ. ಶೇ. 99 ಇರಬೇಕಾದ್ದು 97 ಆಗಿ ಕಾಣುತ್ತದೆ. ಎಷ್ಟೋ "ಹೊಸ ಪ್ರಭೇದ"ಗಳು ಹುಟ್ಟುವುದೇ ಇಲ್ಲಿ.

ಎರಡನೆಯದು ಉದ್ದ. ಒಂದೇ ಪ್ರೈಮರ್‌ನಿಂದ (ಓದು ಶುರು ಮಾಡಿಸುವ ಚಿಕ್ಕ ಡಿಎನ್‌ಎ ತುಣುಕು) ಓದಿದರೆ ಏಳೆಂಟು ನೂರು ಅಕ್ಷರ ಸಿಗಬಹುದು, ಅಷ್ಟರ ಮೇಲೆ ತೀರ್ಪು ಕೊಡಬಾರದು. 27ಎಫ್ ಮತ್ತು 1492ಆರ್ ಪ್ರೈಮರ್‌ಗಳಿಂದ ಎರಡೂ ಕಡೆ ಓದಿಸಿ, ಜೋಡಿಸಿ, 1,400ಕ್ಕೆ ಕಡಿಮೆ ಇಲ್ಲದ ಹಾಗೆ ನೋಡಿಕೊಳ್ಳಿ. ಮೂರನೆಯದು ಯಾರ ಜೊತೆ ಹೋಲಿಸಿದ್ದೀರಿ ಅನ್ನುವುದು. ಬ್ಲಾಸ್ಟ್‌ನಲ್ಲಿ ಮೇಲೆ ಬರುವುದು ಬಹಳ ಸಲ ಬೆಳೆಸದ, ಹೆಸರಿಲ್ಲದ ಜೀವಿಯ ಸೀಕ್ವೆನ್ಸ್, ಇಲ್ಲವೇ ಯಾರೋ ತಪ್ಪು ಹೆಸರಲ್ಲಿ ಹಾಕಿದ್ದು. ಪ್ರತಿ ಪ್ರಭೇದಕ್ಕೂ ಮಾದರಿಯಾಗಿ ಇಟ್ಟ ಒಂದು ತಳಿ ಇರುತ್ತದೆ, ಅದು ಟೈಪ್ ಸ್ಟ್ರೈನ್. ಆ ತಳಿಗಳ ಜೊತೆ ಮಾತ್ರ ಹೋಲಿಸಿ. ಈಜ್‌ಬಯೋಕ್ಲೌಡ್ ಎಂಬ ಡೇಟಾಬೇಸ್‌ನಲ್ಲಿ ಇದು ಸುಲಭ.

ಇಷ್ಟೆಲ್ಲ ಮಾಡಿದ ಮೇಲೂ ಶೇ. 97 ಉಳಿದರೆ ಖುಷಿಪಡಿ. ಜೀನೋಮ್‌ಗೆ ಖರ್ಚು ಮಾಡಲು ಅದು ಒಳ್ಳೆಯ ಕಾರಣ.

ಶೇ. 99.5 ಬಂದರೆ ಬಿಟ್ಟುಬಿಡಬೇಕಾ?

ಬೇಡ. 16ಎಸ್ ಮುಖ ನೋಡಿ ಮನೆತನ ಹೇಳಬಲ್ಲದು, ಅಣ್ಣ ಯಾರು ತಮ್ಮ ಯಾರು ಅಂತ ಹೇಳಲಾರದು. ಆಂಥ್ರಾಕ್ಸ್ ತರುವ ಬ್ಯಾಸಿಲಸ್ ಆಂಥ್ರಾಸಿಸ್‌ಗೂ ಅನ್ನ ಕೆಡಿಸುವ ಬ್ಯಾಸಿಲಸ್ ಸಿರಿಯಸ್‌ಗೂ 16ಎಸ್‌ನಲ್ಲಿ ಹೆಚ್ಚುಕಡಿಮೆ ವ್ಯತ್ಯಾಸವೇ ಇಲ್ಲ. ಕೊಳಚೆಯಲ್ಲಿ ಸದಾ ಸಿಗುವ ಏರೊಮೊನಾಸ್ ಕುಲದಲ್ಲೂ ಇದೇ ತೊಂದರೆ. ಅಂಥ ಕುಲಗಳಲ್ಲಿ ಎಎನ್‌ಐ ನೋಡದೆ ಹೊಸದು ಅಂತಲೂ, ಅಲ್ಲ ಅಂತಲೂ ಹೇಳಲಾಗದು.

ಸ್ಯಾಂಪಲ್‌ನಿಂದ ಶುದ್ಧ ಕಲ್ಚರ್ (ಒಂದೇ ಜೀವಿ ಇರುವ ಬೆಳೆ) ತೆಗೆಯುವುದು ಹೇಗೆ?

ಗಾಳಿ ಊದುವ ಏರೇಷನ್ ತೊಟ್ಟಿಯಿಂದ ಸ್ಲಡ್ಜ್ ತೆಗೆದು, ತಣ್ಣಗಿಟ್ಟು, ಆದಷ್ಟು ಬೇಗ ಲ್ಯಾಬಿಗೆ ತನ್ನಿ. ಸ್ಲಡ್ಜ್‌ನಲ್ಲಿ ಬ್ಯಾಕ್ಟೀರಿಯಾಗಳು ಬಿಡಿಬಿಡಿಯಾಗಿ ಇರುವುದಿಲ್ಲ, ಅಂಟಿಕೊಂಡು ಮುದ್ದೆಯಾಗಿರುತ್ತವೆ. ಗಾಜಿನ ಮಣಿ ಹಾಕಿ ಚೆನ್ನಾಗಿ ಕುಲುಕಿ ಮುದ್ದೆ ಬಿಡಿಸಬೇಕು. ಆಮೇಲೆ ಹತ್ತು ಪಟ್ಟು, ನೂರು ಪಟ್ಟು ಅಂತ ತೆಳುವಾಗಿಸುತ್ತಾ ಪ್ಲೇಟ್ ಮೇಲೆ ಹರಡಿ.

ಇಲ್ಲಿ ನನ್ನ ಒತ್ತಾಯ ಒಂದಿದೆ: ನ್ಯೂಟ್ರಿಯಂಟ್ ಅಗರ್ ಒಂದನ್ನೇ ನಂಬಬೇಡಿ. ಅದರಲ್ಲಿ ಊಟ ಜಾಸ್ತಿ, ಬೇಗ ಬೆಳೆಯುವವೇ ಒಂದು ರಾತ್ರಿಯಲ್ಲಿ ಪ್ಲೇಟ್ ತುಂಬಿಬಿಡುತ್ತವೆ. ನೀರಿನ ಬ್ಯಾಕ್ಟೀರಿಯಾಗಳಿಗಾಗಿ 1985ರಲ್ಲಿ ಪ್ರಕಟವಾದ ಆರ್2ಎ ಮಾಧ್ಯಮದಲ್ಲಿ ಪೋಷಕಾಂಶ ಕಡಿಮೆ. ಅದನ್ನು 28–30 ಡಿಗ್ರಿಯಲ್ಲಿ ಇಟ್ಟು ಕಾಯಿರಿ. ಎರಡನೇ ದಿನ ದೊಡ್ಡ ಬಿಳಿ ಕಾಲೊನಿಗಳು ಕಾಣುತ್ತವೆ. ಒಂದು ವಾರ ಕಳೆದ ಮೇಲೆ ಪ್ಲೇಟನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಅವುಗಳ ಸಂದಿಯಲ್ಲಿ ಸೂಜಿಮೊನೆಯಷ್ಟು ಚಿಕ್ಕವು, ತಿಳಿ ಹಳದಿಯವು, ನಸುಗೆಂಪಿನವು ಕಾಣತೊಡಗುತ್ತವೆ. ಹೊಸದು ಸಿಗುವ ಸಂಭವ ಜಾಸ್ತಿ ಇರುವುದು ಅಲ್ಲೇ. ಎರಡನೇ ದಿನವೇ ಪ್ಲೇಟ್ ಎಸೆಯುವವರಿಗೆ ಅವು ಸಿಗುವುದೇ ಇಲ್ಲ.

ಆರಿಸಿದ ಕಾಲೊನಿಯನ್ನು ಮತ್ತೆ ಮತ್ತೆ ಗೆರೆ ಎಳೆದು, ಎಲ್ಲ ಕಾಲೊನಿಗಳೂ ಒಂದೇ ಥರ ಬರುವ ತನಕ ಶುದ್ಧ ಮಾಡಿ. ಶುದ್ಧವಾದ ದಿನವೇ ಗ್ಲಿಸರಾಲ್ ಹಾಕಿ ಮೈನಸ್ 80 ಡಿಗ್ರಿಯಲ್ಲಿ ಇಡಿ.

ಜೀನೋಮ್ ಓದಿದ ಮೇಲೂ ಹಳೇ ಕಾಲದ ಪರೀಕ್ಷೆಗಳು ಯಾಕೆ?

ಜೀನೋಮ್ ಈಗ ಕಡ್ಡಾಯ ಅನ್ನುವ ಮಟ್ಟಕ್ಕೆ ಬಂದಿದೆ. ಅದಕ್ಕೆ ಕನಿಷ್ಠ ಗುಣಮಟ್ಟ ಏನಿರಬೇಕು ಅಂತ 2018ರಲ್ಲಿ ಪ್ರಸ್ತಾವವೂ ಬಂದಿದೆ. ಆದರೆ ಜೀನ್ ಇದ್ದ ಮಾತ್ರಕ್ಕೆ ಆ ಜೀವಿ ಆ ಕೆಲಸ ಮಾಡುತ್ತದೆ ಅಂತ ಅರ್ಥವಲ್ಲ. ಎಷ್ಟು ಬಿಸಿಯಲ್ಲಿ, ಎಷ್ಟು ಉಪ್ಪಿನಲ್ಲಿ, ಯಾವ ಪಿಎಚ್‌ನಲ್ಲಿ ಬೆಳೆಯುತ್ತದೆ, ಯಾವ ಸಕ್ಕರೆ ತಿನ್ನುತ್ತದೆ, ಅದರ ಪೊರೆಯಲ್ಲಿ ಯಾವ ಕೊಬ್ಬಿನಾಮ್ಲ, ಯಾವ ಕ್ವಿನೋನ್ (ಉಸಿರಾಟಕ್ಕೆ ನೆರವಾಗುವ ಅಣು) ಇದೆ, ಇವೆಲ್ಲ ಬೇಕು. ಕ್ವಿನೋನ್ ಒಂದೇ ಎಷ್ಟೋ ಸುಳಿವು ಕೊಡುತ್ತದೆ. ಕ್ಯೂ-10 ಇದ್ದರೆ ಪ್ರೋಟಿಯೋಬ್ಯಾಕ್ಟೀರಿಯಾ ಎಂಬ ದೊಡ್ಡ ಬಳಗದ ಆಲ್ಫಾ ಗುಂಪಿನ ಕಡೆ ನೋಡಿ, ಕ್ಯೂ-8 ಇದ್ದರೆ ಬೀಟಾ ಗುಂಪಿನ ಕಡೆ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಹತ್ತಿರದ ಸಂಬಂಧಿಯ ಟೈಪ್ ಸ್ಟ್ರೈನ್ ತರಿಸಿಕೊಂಡು, ಎರಡನ್ನೂ ಒಂದೇ ಮಾಧ್ಯಮದಲ್ಲಿ, ಒಂದೇ ಬಿಸಿಯಲ್ಲಿ, ಒಂದೇ ವಯಸ್ಸಿನಲ್ಲಿ ಪರೀಕ್ಷಿಸಿ. ಬೇರೆಯವರು ಯಾವತ್ತೋ ಪ್ರಕಟಿಸಿದ ಕೋಷ್ಟಕದ ಜೊತೆ ಹೋಲಿಸಿ ಮುಗಿಸಬೇಡಿ. ಕೊಬ್ಬಿನಾಮ್ಲದ ಪ್ರಮಾಣ ಬೆಳೆಸಿದ ತಾಪಮಾನ ಬದಲಾದರೂ ಬದಲಾಗುತ್ತದೆ.

ಪ್ಲೇಟ್ ಮೇಲೆ ಬೆಳೆಯದೇ ಇರುವವುಗಳ ಗತಿ ಏನು?

ಈ ವಿಷಯದ ಅತಿ ಸ್ವಾರಸ್ಯದ ಭಾಗ ಇದು. ಆಕ್ಟಿವೇಟೆಡ್ ಸ್ಲಡ್ಜ್‌ನಲ್ಲಿ ಮೈಕ್ರೋಸ್ಕೋಪಿಗೆ ಕಾಣುವ ಜೀವಕೋಶಗಳಲ್ಲಿ ಶೇ. 1ರಿಂದ 15ರಷ್ಟು ಮಾತ್ರ ಪ್ಲೇಟ್ ಮೇಲೆ ಬೆಳೆಯುತ್ತವೆ ಅಂತ 1995ರ ಒಂದು ಪ್ರಸಿದ್ಧ ಸಮೀಕ್ಷೆ ಹೇಳಿತ್ತು.

ಇದರಿಂದ ಎಂಥ ಎಡವಟ್ಟು ಆಗಬಹುದು ಅನ್ನುವುದಕ್ಕೆ ಫಾಸ್ಫರಸ್ ಕಥೆ ಇದೆ. ಕೆಲವು ಘಟಕಗಳಲ್ಲಿ ಬ್ಯಾಕ್ಟೀರಿಯಾಗಳು ನೀರಿನ ಫಾಸ್ಫೇಟನ್ನು ಹೀರಿ ಮೈಯೊಳಗೆ ಕೂಡಿಡುತ್ತವೆ. ಯಾವುದು ಅಂತ ಹುಡುಕಲು ಪ್ಲೇಟ್ ಹಾಕಿದಾಗ ಎಸಿನೆಟೊಬ್ಯಾಕ್ಟರ್ ಬೆಳೆಯಿತು. 1975ರಿಂದ ಎಲ್ಲರೂ ಇದೇ ಆ ಜೀವಿ ಅಂತ ನಂಬಿದರು. 1990ರ ದಶಕದಲ್ಲಿ ಫಿಶ್ ವಿಧಾನ ಬಂತು. ಒಂದು ಗುಂಪಿನ ಆರ್‌ಎನ್‌ಎಗೆ ಮಾತ್ರ ಅಂಟುವ, ಬಣ್ಣ ಕಟ್ಟಿದ ಚಿಕ್ಕ ಡಿಎನ್‌ಎ ತುಣುಕನ್ನು ಸ್ಲಡ್ಜ್ ಮೇಲೇ ಹಾಕಿ ನೋಡುವುದು. ಬೆಳೆಸುವ ಗೋಜೇ ಇಲ್ಲ. ನೋಡಿದರೆ ಎಸಿನೆಟೊಬ್ಯಾಕ್ಟರ್ ಇದ್ದದ್ದು ತೀರಾ ಕಡಿಮೆ. ಪ್ಲೇಟ್ ಮೇಲೆ ಸುಲಭವಾಗಿ ಬೆಳೆಯುತ್ತಿದ್ದುದರಿಂದ ಅದಕ್ಕೆ ಹೆಸರು ಬಂದಿತ್ತು. ನಿಜವಾಗಿ ದುಡಿಯುತ್ತಿದ್ದುದು ಬೇರೆ ಜೀವಿ. 1999ರಲ್ಲಿ ಅದಕ್ಕೆ ಕ್ಯಾಂಡಿಡೇಟಸ್ ಅಕ್ಯುಮುಲಿಬ್ಯಾಕ್ಟರ್ ಫಾಸ್ಫಾಟಿಸ್ ಎಂದು ಹೆಸರಿಟ್ಟರು.

ಅನಮಾಕ್ಸ್ ಅಂದರೆ ಗಾಳಿಯಿಲ್ಲದೆ ಅಮೋನಿಯಾ ತೆಗೆಯುವ ಕ್ರಿಯೆ, ಅದರ ಕಥೆ ಇದಕ್ಕಿಂತ ಚೆಂದ. ಆಮ್ಲಜನಕ ಇಲ್ಲದೆಯೂ ಅಮೋನಿಯಾವನ್ನು ನೈಟ್ರೋಜನ್ ಮಾಡುವ ಬ್ಯಾಕ್ಟೀರಿಯಾ ಇರಲೇಬೇಕು ಅಂತ 1977ರಲ್ಲಿ ವಿಯೆನ್ನಾದ ಎಂಗೆಲ್ಬರ್ಟ್ ಬ್ರೋಡಾ ಶಕ್ತಿಯ ಲೆಕ್ಕ ಹಾಕಿಯೇ ಹೇಳಿದ್ದರು. ಆಮೇಲೆ ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ ಗಿಸ್ಟ್-ಬ್ರೊಕೇಡ್ಸ್ ಎಂಬ ಯೀಸ್ಟ್ ಕಾರ್ಖಾನೆಯ ಕೊಳಚೆ ಘಟಕದಲ್ಲಿ ಅಮೋನಿಯಾ ಗಾಳಿಯಿಲ್ಲದೆಯೇ ಮಾಯವಾಗುವುದು ಕಂಡಿತು. ಆ ಜೀವಿ ಎರಡಾಗಲು ಹನ್ನೊಂದು ದಿನದಷ್ಟು ಹಿಡಿಯುತ್ತದೆ. ಪ್ಲೇಟ್ ಮೇಲೆ ಕಾಲೊನಿ ಕಟ್ಟುವುದಿಲ್ಲ. ರಿಯಾಕ್ಟರ್‌ನಲ್ಲಿ ಸಾಕಿ, ಸಾಂದ್ರತೆಯ ಆಧಾರದ ಮೇಲೆ ಕೋಶಗಳನ್ನು ಬೇರ್ಪಡಿಸಿ, 1999ರಲ್ಲಿ ಗುರುತು ಹಚ್ಚಿದರು. ಕಾರ್ಖಾನೆಯ ನೆನಪಿಗೆ ಬ್ರೊಕೇಡಿಯಾ ಎಂದು ಹೆಸರಾಯಿತು.

ಕ್ಯಾಂಡಿಡೇಟಸ್ ಅಂದರೆ ಹೆಸರಿನ ಭಾಗವಾ?

ಅಲ್ಲ, ಅದು ತಾತ್ಕಾಲಿಕ ಸ್ಥಾನ. ಶುದ್ಧ ಕಲ್ಚರ್ ಇಲ್ಲ, ಆದರೆ ಜೀವಿ ಯಾವುದು ಅಂತ ಸಾಕಷ್ಟು ಗೊತ್ತಿದೆ ಅಂದಾಗ ಹಾಗೆ ಬರೆಯುತ್ತಾರೆ. 1990ರ ದಶಕದ ನಡುವೆ ಈ ಪದ್ಧತಿ ಬಂತು. ಬ್ಯಾಕ್ಟೀರಿಯಾ ಹೆಸರುಗಳ ಅಂತರರಾಷ್ಟ್ರೀಯ ಸಂಹಿತೆ ಈಗಲೂ ಜೀವಂತ ತಳಿಯನ್ನೇ ಮಾದರಿಯಾಗಿ ಕೇಳುತ್ತದೆ. ಸೀಕ್ವೆನ್ಸ್ ಕೂಡ ಮಾದರಿಯಾಗಬಹುದು ಎಂಬ ಪ್ರಸ್ತಾವ 2020ರಲ್ಲಿ ಬಿದ್ದುಹೋಯಿತು. ಹಾಗಾಗಿ 2022ರಲ್ಲಿ ಸೀಕ್‌ಕೋಡ್ ಎಂಬ ಪ್ರತ್ಯೇಕ ನಿಯಮಾವಳಿ ಶುರುವಾಯಿತು. ಅದರಲ್ಲಿ ಒಳ್ಳೆಯ ಗುಣಮಟ್ಟದ ಜೀನೋಮ್ ಇದ್ದರೆ ಸಾಕು. ಕೊಳಚೆ ನೀರಿನ ಮಟ್ಟಿಗೆ ಸೀಕ್‌ಕೋಡ್ ಬೇಕೇ ಬೇಕು ಎನ್ನುವುದು ನನ್ನ ಅಭಿಪ್ರಾಯ. ಮುಖ್ಯ ಕೆಲಸ ಮಾಡುವ ಜೀವಿಗಳೇ ಎಷ್ಟೋ ವರ್ಷ ಅರೆಹೆಸರಿನಲ್ಲಿ ಉಳಿಯುವುದು ಸರಿಯಲ್ಲ. ಆದರೆ ಬೆಳೆಸಲು ಸಾಧ್ಯವಿರುವುದನ್ನು ಬೆಳೆಸದೆ ಬರೀ ಜೀನೋಮ್ ಹಾಕಿ ಹೆಸರಿಡುವುದಕ್ಕೆ ಅದು ನೆಪ ಆಗಬಾರದು.

ಮೈಕ್ರೋಸ್ಕೋಪ್‌ನಲ್ಲಿ ನೋಡಿ ಗುರುತು ಹೇಳಬಹುದಾ? ನಮ್ಮ ಎಸ್‌ಟಿಪಿಯಲ್ಲಿ ಕಂದು ನೊರೆ ಬರುತ್ತಿದೆ.

ಕೆಲವನ್ನು ಸ್ವಲ್ಪ ಮಟ್ಟಿಗೆ ಹೇಳಬಹುದು. ದಾರದಂತೆ ಬೆಳೆಯುವ ಬ್ಯಾಕ್ಟೀರಿಯಾ ಜಾಸ್ತಿಯಾದರೆ ಸ್ಲಡ್ಜ್ ತಳಕ್ಕೆ ಕೂರುವುದಿಲ್ಲ. 1975ರಲ್ಲಿ ನೆದರ್ಲೆಂಡ್ಸ್‌ನ ಐಕೆಲ್‌ಬೂಮ್ ಇಂಥ ದಾರಗಳನ್ನು ಆಕಾರ ನೋಡಿ ವಿಂಗಡಿಸಿ, ಹೆಸರು ಗೊತ್ತಿಲ್ಲದವಕ್ಕೆ ಟೈಪ್ 021ಎನ್, ಟೈಪ್ 0041 ಅಂತ ನಂಬರ್ ಕೊಟ್ಟರು. ಆಪರೇಟರುಗಳು ಈಗಲೂ ಆ ನಂಬರ್ ಬಳಸುತ್ತಾರೆ. ಆದರೆ ಒಂದೇ ಆಕಾರದ ಹಿಂದೆ ಹಲವು ಪ್ರಭೇದಗಳು ಇರಬಹುದು.

ಗಟ್ಟಿ ಕಂದು ನೊರೆ ಹೆಚ್ಚಾಗಿ ಗಾರ್ಡೋನಿಯಾ ಅಮರೇ ಅಥವಾ ಮೈಕ್ರೋಥ್ರಿಕ್ಸ್‌ನ ಕೆಲಸ. ಎರಡಕ್ಕೂ ಎಣ್ಣೆ, ಜಿಡ್ಡು ಇಷ್ಟ. ಆಸ್ಟ್ರೇಲಿಯಾದ ನೊರೆಯಲ್ಲಿ ಪೈನ್ ಮರದ ಹಾಗೆ ಕೊಂಬೆ ಬಿಟ್ಟ ಬ್ಯಾಕ್ಟೀರಿಯಾ ಸಿಕ್ಕಿತ್ತು. 1989ರಲ್ಲಿ ನೊಕಾರ್ಡಿಯಾ ಪೈನೆನ್ಸಿಸ್ ಅಂತ ಹೆಸರಾಗಿ, 1997ರಲ್ಲಿ ಸ್ಕರ್ಮೇನಿಯಾ ಪಿನಿಫಾರ್ಮಿಸ್ ಎಂದು ತನ್ನದೇ ಕುಲ ಪಡೆಯಿತು. ನಿಮ್ಮ ನೊರೆಯಲ್ಲಿ ಹೊಸ ಪ್ರಭೇದ ಇರಬಾರದು ಅಂತೇನಿಲ್ಲ. ಆದರೆ ಮೊದಲು ಅಡುಗೆಮನೆ ಕಡೆಯ ಗ್ರೀಸ್ ಟ್ರ್ಯಾಪ್ ತೆಗೆದು ನೋಡಿ.

ಹೆಸರು ಇಡುವುದು ಹೇಗೆ? ನನ್ನ ಹೆಸರೇ ಇಡಬಹುದಾ?

ತಮ್ಮ ಹೆಸರನ್ನು ತಾವೇ ಇಟ್ಟುಕೊಳ್ಳುವ ಪದ್ಧತಿ ಇಲ್ಲ. ಹೆಸರು ಲ್ಯಾಟಿನ್ ವ್ಯಾಕರಣಕ್ಕೆ ಹೊಂದಬೇಕು. ಸಿಕ್ಕ ಜಾಗ, ಗುಣ, ಗೌರವಿಸಬೇಕಾದ ವ್ಯಕ್ತಿ, ಯಾವುದರಿಂದಲೂ ಬರಬಹುದು. ಕೊನೆಯಲ್ಲಿ ಡಿಫ್ಲೂವಿಐ ಅಂತ ಇದ್ದರೆ ಕೊಳಚೆಯಿಂದ ಬಂದದ್ದು ಅಂತ ಅರ್ಥ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಫಿಲ್ಟರ್‌ನಲ್ಲಿ ಸಿಕ್ಕ ಒಂದಕ್ಕೆ ಅಬ್ದುಲ್ ಕಲಾಂ ಅವರ ನೆನಪಿಗೆ ಸೋಲಿಬ್ಯಾಸಿಲಸ್ ಕಲಾಮಿಐ ಎಂದು ಹೆಸರಿಟ್ಟಿದ್ದಾರೆ.

ಮೈಸೂರಿನ ಹೆಸರೂ ಈ ಪಟ್ಟಿಯಲ್ಲಿದೆ. 1972ರಲ್ಲಿ ನಂದ್ ಮತ್ತು ರಾವ್ ಗ್ಲುಟಾಮಿಕ್ ಆಮ್ಲ ಹೊರಬಿಡುವ ಒಂದು ಬ್ಯಾಕ್ಟೀರಿಯಾಗೆ ಆರ್ತ್ರೊಬ್ಯಾಕ್ಟರ್ ಮೈಸೊರೆನ್ಸ್ ಎಂದು ಹೆಸರಿಟ್ಟರು. 2016ರಲ್ಲಿ ಆ ಕುಲವನ್ನು ಒಡೆದು ಮರುಜೋಡಿಸಿದಾಗ ಅದು ಗ್ಲುಟಾಮಿಸಿಬ್ಯಾಕ್ಟರ್ ಮೈಸೊರೆನ್ಸ್ ಆಯಿತು. ಕುಲ ಬದಲಾಯಿತು, ಮೈಸೂರು ಉಳಿಯಿತು. ಹೀಗೆ ಹೆಸರು ಬದಲಾದಾಗ ಓದುವವರಿಗೆ ಕಿರಿಕಿರಿ, ಒಪ್ಪುತ್ತೇನೆ. 2021ರಲ್ಲಿ ಪ್ರೋಟಿಯೋಬ್ಯಾಕ್ಟೀರಿಯಾ ಎಂಬ ಬಳಗದ ಹೆಸರು ಹೋಗಿ ಸ್ಯೂಡೊಮೊನಡೋಟಾ ಬಂದಾಗ ಪಠ್ಯಪುಸ್ತಕಗಳೇ ಹಳೆಯದಾದವು. ಸದ್ಯದ ಹೆಸರು ಯಾವುದು ಅಂತ ಎಲ್‌ಪಿಎಸ್‌ಎನ್ ಪಟ್ಟಿಯಲ್ಲಿ ನೋಡಿಕೊಳ್ಳಿ.

ತಳಿಯನ್ನು ಎಲ್ಲಿ ಇಡಬೇಕು? ಹೆಸರು ಅಧಿಕೃತ ಆಗುವುದು ಯಾವಾಗ?

ಎರಡು ಬೇರೆ ದೇಶಗಳ ಎರಡು ಸಂಗ್ರಹಗಳಲ್ಲಿ ಟೈಪ್ ಸ್ಟ್ರೈನ್ ಇಡಬೇಕು. ಯಾರು ಕೇಳಿದರೂ ಅಲ್ಲಿಂದ ಸಿಗುವಂತಿರಬೇಕು. ನಮ್ಮಲ್ಲಿ ಚಂಡೀಗಢದ ಎಂಟಿಸಿಸಿ, ಪುಣೆಯ ಎನ್‌ಸಿಎಂಆರ್ ಇವೆ. ಹೊರಗೆ ಜರ್ಮನಿಯ ಡಿಎಸ್‌ಎಂಜೆಡ್, ಜಪಾನಿನ ಜೆಸಿಎಂ, ಕೊರಿಯಾದ ಕೆಸಿಟಿಸಿ. ಭಾರತದ ತಳಿಯನ್ನು ಹೊರಗೆ ಕಳಿಸುವಾಗ 2002ರ ಜೈವಿಕ ವೈವಿಧ್ಯ ಕಾಯ್ದೆಯ ನಿಯಮ ಪಾಲಿಸಬೇಕು. ರಾಷ್ಟ್ರೀಯ ಜೈವಿಕ ವೈವಿಧ್ಯ ಪ್ರಾಧಿಕಾರದ ಕಚೇರಿ ಚೆನ್ನೈನಲ್ಲಿದೆ. ಪ್ರಬಂಧ ಬರೆದು ಮುಗಿಸಿ ಆಮೇಲೆ ಈ ಕಾಗದಪತ್ರ ಶುರು ಮಾಡಿದರೆ ತಿಂಗಳುಗಟ್ಟಲೆ ನಿಲ್ಲುತ್ತದೆ. ಜೀನೋಮ್‌ಗೆ ಕಳಿಸುವ ಹೊತ್ತಿಗೇ ಶುರು ಮಾಡಿ.

ವಿವರಣೆ ಐಜೆಎಸ್‌ಇಎಂ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಬಂದರೆ ಹೆಸರಿಗೆ ಮಾನ್ಯತೆ. ಬೇರೆ ಪತ್ರಿಕೆಯಲ್ಲಿ ಬಂದರೆ ಅದರ ಮಾನ್ಯತಾ ಪಟ್ಟಿಗೆ ಸೇರಿಸಬೇಕು. ಸುದ್ದಿ ಪತ್ರಿಕೆಯಲ್ಲಿ ಬಂದದ್ದು ಲೆಕ್ಕಕ್ಕಿಲ್ಲ.

ಹೊಸ ಬ್ಯಾಕ್ಟೀರಿಯಾ ಅಪಾಯಕಾರಿಯಾ?

ಸ್ಲಡ್ಜ್‌ನ ಬಹುಪಾಲು ಬ್ಯಾಕ್ಟೀರಿಯಾ ನಮ್ಮ ತಂಟೆಗೆ ಬರುವುದಿಲ್ಲ. ಆದರೆ ಕೊಳಚೆ ನೀರಿನಲ್ಲಿ ಸಾಲ್ಮೊನೆಲ್ಲಾ, ಕ್ಲೆಬ್ಸಿಯೆಲ್ಲಾ ಎಲ್ಲ ಇರುತ್ತವೆ, ಔಷಧಿಗೆ ಬಗ್ಗದವೂ ಇರುತ್ತವೆ. ಯಾವುದು ಅಂತ ಗೊತ್ತಾಗುವವರೆಗೆ ಕೈಗವಸು, ಸುರಕ್ಷತಾ ಕ್ಯಾಬಿನೆಟ್ ಬಿಡಬೇಡಿ. ಬಾಯಿಂದ ಪಿಪೆಟ್ ಎಳೆಯುವುದಂತೂ ಬೇಡವೇ ಬೇಡ.

ಹೆಸರಿಟ್ಟು ಏನು ಪ್ರಯೋಜನ?

ಅನಮಾಕ್ಸ್ ಯಾವ ಜೀವಿಯ ಕೆಲಸ, ಅದಕ್ಕೆ ಏನು ಬೇಕು ಅಂತ ತಿಳಿದ ಮೇಲೆ 2002ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ಪೂರ್ಣ ಪ್ರಮಾಣದ ಮೊದಲ ಘಟಕ ಶುರುವಾಯಿತು. ಈ ವಿಧಾನದಲ್ಲಿ ಗಾಳಿ ಊದುವ ಕರೆಂಟ್ ಖರ್ಚು ಬಹಳ ಉಳಿಯುತ್ತದೆ. ಜಪಾನಿನ ಸಕಾಯ್‌ನ ಬಾಟಲಿ ಮರುಬಳಕೆ ಜಾಗದಲ್ಲಿ ಸಿಕ್ಕ ಇಡಿಯೊನೆಲ್ಲಾ ಸಕಾಯೆನ್ಸಿಸ್ ಪೆಟ್ ಪ್ಲಾಸ್ಟಿಕ್ ತಿನ್ನುತ್ತದೆ ಅಂತ 2016ರಲ್ಲಿ ಗೊತ್ತಾಯಿತು. ತಳಿ ಸಂಗ್ರಹದಲ್ಲಿ ಇರುವುದರಿಂದ ಬೇರೆ ದೇಶದವರೂ ತರಿಸಿಕೊಂಡು ಕೆಲಸ ಮುಂದುವರಿಸಬಹುದು.

ಒಂದೇ ತಳಿ ಸಿಕ್ಕಿದೆ. ಅಷ್ಟರಲ್ಲೇ ಪ್ರಕಟಿಸಬಹುದಾ?

ನಿಯಮದ ಅಡ್ಡಿ ಇಲ್ಲ, ಹಾಗೆ ಪ್ರಕಟವಾದವು ಬೇಕಾದಷ್ಟಿವೆ. ಆದರೆ ಒಂದೇ ತಳಿಯಿಂದ ಯಾವ ಗುಣ ಇಡೀ ಪ್ರಭೇದದ್ದು, ಯಾವುದು ಆ ತಳಿಯದ್ದು ಮಾತ್ರ ಅಂತ ಗೊತ್ತಾಗುವುದಿಲ್ಲ. ಮಳೆಗಾಲದಲ್ಲಿ ಸಿಕ್ಕಿದ್ದರೆ ಬೇಸಿಗೆಯಲ್ಲಿ ಅದೇ ತೊಟ್ಟಿಗೆ ಮತ್ತೆ ಹೋಗಿ. ಬೇರೆ ಊರಿನ ಘಟಕದ ಸ್ಲಡ್ಜ್ ಕೇಳಿ ತನ್ನಿ. ಅದು ಯಾವ ಮಾಧ್ಯಮದಲ್ಲಿ, ಎಷ್ಟು ದಿನಕ್ಕೆ, ಯಾವ ಬಣ್ಣದಲ್ಲಿ ಬೆಳೆಯುತ್ತದೆ ಅಂತ ಈಗ ನಿಮಗೆ ಗೊತ್ತಿದೆ. ಹಾಗಾಗಿ ಎರಡನೆಯದನ್ನು ಹುಡುಕುವುದು ಮೊದಲನೆಯದರಷ್ಟು ಕಷ್ಟವಲ್ಲ.